ಕೆಸರಿಗೂ ಹಿಮಕ್ಕೂ ಎರಡು ಚಕ್ರ ಸಾಕೇ?



ನಾನು ಟೆಲಿವಿಷನ್ ಕಾರ್ಯಕ್ರಮ ನಿರ್ಮಿಸುವವನು, ಕಾರು ಮಾರುವವನಲ್ಲ. ಆದರೂ ಬಿ.ಎಸ್‌ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೇನೆ, ಇಪ್ಪತ್ತು ವರ್ಷಗಳಿಂದ ಕ್ಯಾಮರಾ ಹೊತ್ತು ರಾಜ್ಯದ ಒಳಹಾದಿಗಳನ್ನು ಸುತ್ತುತ್ತಿದ್ದೇನೆ ಎಂಬ ಕಾರಣಕ್ಕೆ ಕಾರು ಕೊಳ್ಳುವ ನೆಂಟರಿಷ್ಟರು ನನ್ನನ್ನು ಬಿಡುವುದಿಲ್ಲ. ಈ ಮಾತಿಗೂ ಅಂಥದೇ ಒಂದು ಪ್ರಶ್ನೆ ಮೂಲ. ತೆರೆಯ ಮೇಲೆ ಹನ್ನೆರಡು ನಿಮಿಷಗಳಲ್ಲಿ ಹೇಳಲಾಗದೆ ಬಿಟ್ಟ ಲೆಕ್ಕಾಚಾರವನ್ನೂ ಇಲ್ಲಿ ಸೇರಿಸಿದ್ದೇನೆ.

ನನ್ನ ಅಕ್ಕನ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಳಹಳ್ಳಿಯಲ್ಲಿ. ಡಾಂಬರು ರಸ್ತೆ ಬಿಟ್ಟ ಮೇಲೆ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ಕೊನೆಯಲ್ಲಿ ಮನೆಗೆ ಹತ್ತುವ ಏರು. ಎರಡು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಭಾವನ ತಾಯಿಗೆ, ಅವರಿಗೆ ಆಗ 72 ವರ್ಷ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕೆಂದು ವೈದ್ಯರು ಹೇಳಿದರು. ಅದುವರೆಗೆ ಅವರ ಮನೆಯಲ್ಲಿ ಒಂದು ಸ್ಕೂಟರು ಬಿಟ್ಟರೆ ಬೇರೆ ವಾಹನ ಇರಲಿಲ್ಲ. ಮಳೆಗಾಲದಲ್ಲಿ ಆಟೋದವರು ಕೆಳಗಿನ ಮೋರಿಯವರೆಗೂ ಬರುವುದಿಲ್ಲ. ಭಾವ ಫೋನು ಮಾಡಿದರು.

"ಮಾರಾಯ, ಫೋರ್ ವ್ಹೀಲ್ ಇಲ್ಲದೆ ನಿಮ್ಮ ಏರು ಹತ್ತೋದಿಲ್ಲ ಅಂತಾರೆ ಎಲ್ಲರೂ. ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಎರಡು ಚಕ್ರದ್ದು ತಗೊಂಡ್ರೆ ಜುಲೈ ತಿಂಗಳಲ್ಲಿ ಅಮ್ಮನ್ನ ಆಸ್ಪತ್ರೆಗೆ ಮುಟ್ಟಿಸೋಕೆ ಆಗತ್ತೋ ಇಲ್ವೋ, ಅಷ್ಟು ಹೇಳು."

"ಒಂದು ವಾರ ಸಮಯ ಕೊಡಿ ಭಾವ" ಎಂದೆ. ನನಗೆ ಉತ್ತರ ಗೊತ್ತಿರಲಿಲ್ಲ.

ಎರಡು ಚಕ್ರದ್ದು ಎಂದರೆ ಇಲ್ಲಿ ಸ್ಕೂಟರು, ಬೈಕು ಎಂದು ತಿಳಿಯಬೇಡಿ. ಕಾರಿಗೆ ನಾಲ್ಕು ಚಕ್ರಗಳಿದ್ದರೂ ಎಂಜಿನ್ನಿನ ಶಕ್ತಿ ಅವುಗಳಲ್ಲಿ ಎರಡಕ್ಕೆ ಮಾತ್ರ ಹೋಗುತ್ತದೆ. ಉಳಿದೆರಡು ಸುಮ್ಮನೆ ಹಿಂಬಾಲಿಸುತ್ತವೆ. ನಮ್ಮ ರಸ್ತೆಗಳ ಮೇಲೆ ಕಾಣುವ ಕಾರುಗಳಲ್ಲಿ ಬಹುಪಾಲು ಇಂಥವೇ. ಆಲ್ಟೊ, ಸ್ವಿಫ್ಟ್‌ಗಳಲ್ಲಿ ಮುಂದಿನ ಚಕ್ರಗಳು ಕಾರನ್ನು ಎಳೆಯುತ್ತವೆ. ಹಳೆಯ ಅಂಬಾಸಿಡರ್, ಬೊಲೆರೊಗಳಲ್ಲಿ ಹಿಂದಿನ ಚಕ್ರಗಳು ನೂಕುತ್ತವೆ. ನಾಲ್ಕಕ್ಕೂ ಶಕ್ತಿ ಕೊಡುವ ಜಿಪ್ಸಿ, ಜಿಮ್ನಿ, ಥಾರ್‌ಗಳದು ಬೇರೆ ಜಾತಿ. ಅವುಗಳಲ್ಲೂ ಥಾರ್ 2023ರಿಂದ ಎರಡು ಚಕ್ರದ ಮಾದರಿಯಲ್ಲೂ ಬಂದಿದೆ. ನೋಡಲು ಎರಡೂ ಒಂದೇ. ರೂಪ ನೋಡಿ ಮೋಸ ಹೋಗಬಾರದು ಎಂಬುದಕ್ಕೆ ಈ ಮಾತು.

ಮುಂದೆ ಹೋಗುವ ಮೊದಲು 2006ರಲ್ಲಿ ನಡೆದ ಒಂದು ಘಟನೆ ಹೇಳಬೇಕು. ಸಕಲೇಶಪುರದ ಆಚೆ ಒಂದು ಕಾಫಿ ತೋಟದಲ್ಲಿ ಚಿತ್ರೀಕರಣಕ್ಕೆಂದು ಹೋಗುತ್ತಿದ್ದೆವು. ಬಾಡಿಗೆಯ ಜೀಪು ಮಾದರಿಯ ಗಾಡಿ, ಹಿಂದಿನ ಚಕ್ರ ನೂಕುವಂಥದು. ಒಳಗೆ ಐದು ಜನ, ಹಿಂದೆ ಕ್ಯಾಮರಾ, ದೀಪಗಳು, ಬ್ಯಾಟರಿ ಪೆಟ್ಟಿಗೆಗಳು. ಒಂದು ಕೆಂಪು ಮಣ್ಣಿನ ಏರಿನಲ್ಲಿ ಗಾಡಿ ನಿಂತಿತು, ಹಿಂದಿನ ಚಕ್ರ ಸುತ್ತತೊಡಗಿತು. ಭಾರ ಕಡಿಮೆ ಮಾಡೋಣ ಎಂಬ ಬುದ್ಧಿ ಹೊಳೆದದ್ದು ನನಗೇ. ಎಲ್ಲರೂ ಇಳಿದು, ಮಳೆಯಲ್ಲೇ ಪೆಟ್ಟಿಗೆಗಳನ್ನು ಇಳಿಸಿ, ತಾಡಪಾಲು ಹೊದಿಸಿಟ್ಟೆವು. ಗಾಡಿ ಮೊದಲಿಗಿಂತ ಹೆಚ್ಚು ಜಾರಿತು! ಅಷ್ಟರಲ್ಲಿ ಆ ಊರಿನ ಶಾಲೆಯ ಮೇಷ್ಟ್ರೊಬ್ಬರು ತಮ್ಮ ಹಳೆಯ ಮಾರುತಿ 800ರಲ್ಲಿ ಒಬ್ಬರೇ ಬಂದವರು, ನಮ್ಮ ಪಕ್ಕದಲ್ಲೇ ಗುರುಗುಟ್ಟುತ್ತ ಏರು ಹತ್ತಿ ಹೋದರು. ಮೇಲೆ ಕಾರು ನಿಲ್ಲಿಸಿ ಕೆಳಗೆ ನಡೆದು ಬಂದು, "ಇಳಿಸಿದ್ದು ಯಾಕೆ ಸ್ವಾಮಿ? ಎಲ್ಲ ಹಿಂದೆ ಹೇರಿ. ಇಬ್ಬರು ಹಿಂದಿನ ಬಂಪರಿನ ಮೇಲೆ ನಿಂತುಕೊಳ್ಳಿ" ಎಂದರು. ಹಾಗೆ ಮಾಡಿದೆವು. ಗಾಡಿ ಹತ್ತಿತು. ಪದವಿ ಪಡೆದ ನಾನು ನಾಚಿ ಕುಳಿತೆ.

ಮೇಷ್ಟ್ರಿಗೆ ಗೊತ್ತಿದ್ದದ್ದು ಇಷ್ಟೆ. ಒಂದು ಚಕ್ರ ನೆಲವನ್ನು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬುದು ಎರಡು ಸಂಗತಿಗಳ ಗುಣಲಬ್ಧ: ಆ ಚಕ್ರದ ಮೇಲೆ ಬೀಳುವ ಭಾರ, ಮತ್ತು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಎಂಜಿನ್ನು ಎಷ್ಟು ಕುದುರೆ ಶಕ್ತಿಯದಾದರೂ ಈ ಹಿಡಿತವನ್ನು ಮೀರಿ ಒಂದು ಗುಲಗಂಜಿಯಷ್ಟೂ ಎಳೆಯಲಾರದು. ಮೀರಿದರೆ ಚಕ್ರ ಸುತ್ತುತ್ತದೆ. ಘರ್ಷಣಾಂಕವೆಂದು ನಾವು ಕರೆಯುವ ಸಂಖ್ಯೆ ಒಣಗಿದ ಡಾಂಬರಿನ ಮೇಲೆ ಸುಮಾರು 0.7ರಿಂದ 0.8. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3. ನೀರ್ಗಲ್ಲಿನ ಮೇಲೆ 0.1 ಅಥವಾ ಅದಕ್ಕೂ ಕಡಿಮೆ. ಮಳೆ ಕುಡಿದ ಕೆಂಪು ಮಣ್ಣು ಹಿಮದ ನೆರೆಯಲ್ಲೇ ಇದೆ. ಮಲೆನಾಡಿನ ಜುಲೈಗೂ ಹಿಮಾಲಯದ ಜನವರಿಗೂ ಕಾರಿನ ದೃಷ್ಟಿಯಲ್ಲಿ ವ್ಯತ್ಯಾಸ ಕಡಿಮೆ ಎಂದರೆ ಉತ್ಪ್ರೇಕ್ಷೆಯಲ್ಲ.

ಇಲ್ಲಿ ಗಮನಿಸಿ: ಒಟ್ಟು ಭಾರ ಹೆಚ್ಚಾದರೆ ಹಿಡಿತ ಹೆಚ್ಚುತ್ತದೆ ನಿಜ, ಆದರೆ ಮೇಲೆ ಎಳೆಯಬೇಕಾದ ಹೊರೆಯೂ ಅಷ್ಟೇ ಹೆಚ್ಚುತ್ತದೆ. ಎರಡೂ ಪರಸ್ಪರ ಹೊಡೆದುಹೋಗುತ್ತವೆ. ದೊಡ್ಡ ಕಾರು, ತೂಕದ ಕಾರು ಚೆನ್ನಾಗಿ ಹತ್ತುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಮೆತ್ತನೆಯ ಕೆಸರಿನಲ್ಲಿ ಅದು ಮೊದಲು ಹೂತುಕೊಳ್ಳುತ್ತದೆ ಅಷ್ಟೆ. ಮುಖ್ಯವಾದದ್ದು ಒಟ್ಟು ಭಾರದಲ್ಲಿ ಎಷ್ಟು ಪಾಲು ಶಕ್ತಿಯುಳ್ಳ ಚಕ್ರಗಳ ಮೇಲೆ ಬಿದ್ದಿದೆ ಎಂಬುದು.

ಮುಂಚಕ್ರ ಎಳೆಯುವ ಸಣ್ಣ ಕಾರಿನಲ್ಲಿ ಎಂಜಿನ್ನು, ಗಿಯರ್ ಪೆಟ್ಟಿಗೆ ಎರಡೂ ಮುಂಚಕ್ರಗಳ ಮೇಲೆಯೇ ಕೂತಿರುತ್ತವೆ. ಒಬ್ಬರೋ ಇಬ್ಬರೋ ಇರುವಾಗ ನೂರಕ್ಕೆ ಸುಮಾರು 60 ಭಾಗ ಭಾರ ಅಲ್ಲೇ. ಮೇಷ್ಟ್ರ ಮಾರುತಿ ಹತ್ತಿದ್ದು ಅದರಿಂದ. ಹಿಂಚಕ್ರ ನೂಕುವ ಗಾಡಿ ಖಾಲಿ ಇದ್ದಾಗ ಹಿಂದೆ 45 ಭಾಗ ಇದ್ದರೆ ಹೆಚ್ಚು. ನಾವು ಪೆಟ್ಟಿಗೆ ಇಳಿಸಿ ಆ 45ನ್ನೇ ಕಳೆದುಕೊಂಡಿದ್ದೆವು. ಹಿಂದೆ ಹೇರಿದಾಗ ಅದು 55 ಆಯಿತು, ಏರಿನಲ್ಲಿ ಭಾರ ಇನ್ನಷ್ಟು ಹಿಂದಕ್ಕೆ ಜಾರಿ ಹಿಡಿತ ಬಂತು. ಇದೇ ಕಾರಣಕ್ಕೆ ಐದು ಜನ, ಎರಡು ಮೂಟೆ ಅಕ್ಕಿ ತುಂಬಿದ ಬೊಲೆರೊ ಹತ್ತುವ ಏರನ್ನು ಅಷ್ಟೇ ತುಂಬಿದ ಆಲ್ಟೊ ಹತ್ತದೆ ಹೋಗಬಹುದು. ಎರಡೂ ಖಾಲಿ ಇದ್ದಾಗ ಮಾತು ತಿರುಗುಮುರುಗು. ಅಂಬಾಸಿಡರ್ ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು ಎಂದು ಹಿರಿಯರು ಈಗಲೂ ಹೇಳುತ್ತಾರಲ್ಲ, ಅದರಲ್ಲಿ ಎಂಟು ಜನ ತುಂಬಿರುತ್ತಿದ್ದರು ಎಂಬುದನ್ನು ಅವರು ಮರೆಯುತ್ತಾರೆ!

ಭಾವನ ಏರಿಗೆ ಬರುತ್ತೇನೆ. ಮೇ ತಿಂಗಳ ಕೊನೆಯಲ್ಲಿ ಅಲ್ಲಿಗೆ ಹೋಗಿ, ಗಾರೆಯವರು ಮಟ್ಟ ನೋಡುವ ನೀರು ತುಂಬಿದ ಪೈಪು ತಂದು ಅಳೆದೆವು. ಉದ್ದ ಸುಮಾರು 40 ಮೀಟರು. ಎಲ್ಲಕ್ಕಿಂತ ಕಡಿದಾದ ಜಾಗದಲ್ಲಿ ಆರು ಮೀಟರು ಮುಂದೆ ಹೋದರೆ ಒಂದು ಮೀಟರು ಎತ್ತರ. ಕಾಗದದ ಮೇಲೆ ಲೆಕ್ಕ ಹಾಕಿದೆ. ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, ಇಬ್ಬರು ಕೂತ ಮುಂಚಕ್ರದ ಕಾರು ಹತ್ತಬಲ್ಲ ಮಿತಿ ಸರಿಸುಮಾರು ಆರಕ್ಕೆ ಒಂದು! ಹಿಂದೆ ಜನ, ಸಾಮಾನು ತುಂಬಿದರೆ ಏಳಕ್ಕೆ ಒಂದು. ಹಿಂಚಕ್ರದ ಗಾಡಿ ಖಾಲಿ ಇದ್ದರೆ ಏಳಕ್ಕೆ ಒಂದು, ತುಂಬಿದರೆ ಐದೂವರೆಗೆ ಒಂದು. ನಾಲ್ಕು ಚಕ್ರದ್ದಾದರೆ ಮೂರು ಚಿಲ್ಲರೆಗೆ ಒಂದು. ಕೆಸರು ಚಕ್ರವನ್ನು ತಡೆಯುವ ಬಲವನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ. ಸೇರಿಸಿದರೆ ಎಲ್ಲವೂ ಇನ್ನಷ್ಟು ಇಳಿಯುತ್ತವೆ. ಅಂತೂ ಭಾವನ ಏರು ಎರಡು ಚಕ್ರದ ಕಾರಿನ ಮಿತಿಯ ಗೆರೆಯ ಮೇಲೆಯೇ ಕೂತಿತ್ತು. ಊರವರ ಮಾತು ಸುಳ್ಳಲ್ಲ ಎನ್ನಿಸಿತು.

ಆಗ ಟೈರಿನ ಕಡೆ ಲೆಕ್ಕ ತಿರುಗಿಸಿದೆ. ನಿಜಕ್ಕೂ ನನ್ನ ಕಣ್ಣು ತೆರೆಸಿದ್ದು ಇದು. ಬೋಳಾದ ಟೈರು ಹಾಕಿ ಘರ್ಷಣಾಂಕ 0.2ಕ್ಕೆ ಇಳಿಯಿತು ಅನ್ನಿ, ಅದೇ ಮುಂಚಕ್ರದ ಕಾರಿನ ಮಿತಿ ಒಂಬತ್ತಕ್ಕೆ ಒಂದಾಗುತ್ತದೆ. ಆಳವಾದ ಕಚ್ಚುಗಳುಳ್ಳ ಒಳ್ಳೆಯ ಟೈರು ಅದನ್ನು 0.4ಕ್ಕೆ ಏರಿಸಿದರೆ ಮಿತಿ ನಾಲ್ಕೂವರೆಗೆ ಒಂದು. ಇನ್ನು ನಾಲ್ಕು ಚಕ್ರದ ಗಾಡಿಗೆ ಬೋಳು ಟೈರು ಹಾಕಿ ನೋಡಿ: ಐದಕ್ಕೆ ಒಂದು. ಅಂದರೆ ಒಳ್ಳೆಯ ಟೈರಿನ ಎರಡು ಚಕ್ರದ ಕಾರು ಬೋಳು ಟೈರಿನ ಫೋರ್ ವ್ಹೀಲನ್ನು ಮೀರಿಸುತ್ತದೆ. ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಫೋರ್ ವ್ಹೀಲ್ ಕೊಂಡು, ಟೈರು ಮಾತ್ರ "ಇನ್ನೊಂದು ಮಳೆಗಾಲ ಓಡಲಿ" ಎಂದು ಬಿಟ್ಟವರನ್ನು ನಾನು ಎಷ್ಟೋ ಕಂಡಿದ್ದೇನೆ.

ಟೈರಿನ ಕಚ್ಚಿನ ಆಳ 1.6 ಮಿಲಿಮೀಟರಿಗೆ ಇಳಿದರೆ ನಮ್ಮ ಕಾನೂನಿನ ಪ್ರಕಾರ ಅದು ಬದಲಿಸಬೇಕಾದ ಟೈರು. ಕಚ್ಚುಗಳ ತಳದಲ್ಲಿ ಆ ಮಟ್ಟ ತೋರಿಸುವ ಸಣ್ಣ ಉಬ್ಬುಗಳಿರುತ್ತವೆ, ಬೆರಳಾಡಿಸಿದರೆ ಸಿಗುತ್ತವೆ. ಆದರೆ ಅದು ಡಾಂಬರಿನ ಲೆಕ್ಕ. ಕೆಸರಿನಲ್ಲಿ ಓಡಿಸುವವರು 3 ಮಿಲಿಮೀಟರಿಗೇ ಟೈರನ್ನು ನಿವೃತ್ತಿಗೊಳಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಅಗಲ ಟೈರು ಚೆಂದ ಕಾಣುತ್ತದೆ, ಆದರೆ ಮೇಲೆ ತೆಳುವಾದ ರಾಡಿ, ಕೆಳಗೆ ಗಟ್ಟಿ ನೆಲ ಇರುವ ಮಲೆನಾಡಿನ ದಾರಿಗೆ ಕಿರಿದಾದ ಟೈರೇ ಮೇಲು. ಅದು ರಾಡಿಯನ್ನು ಸೀಳಿ ಗಟ್ಟಿ ನೆಲ ಮುಟ್ಟುತ್ತದೆ. ಮರಳಿನಲ್ಲಿ ಮಾತು ಬೇರೆ. ಅಲ್ಲಿ ತೇಲಬೇಕು, ಅಗಲ ಬೇಕು, 33 ಪೌಂಡ್ ಇರುವ ಗಾಳಿಯನ್ನು 22ಕ್ಕೋ 24ಕ್ಕೋ ಇಳಿಸಬೇಕು. ಇಳಿಸಿದವರು ಡಾಂಬರಿಗೆ ಬಂದೊಡನೆ ತುಂಬಿಸಿಕೊಳ್ಳದಿದ್ದರೆ ಟೈರು ಬಿಸಿಯಾಗಿ ಒಡೆಯುವ ಅಪಾಯವಿದೆ.

ಉತ್ತರ ಕರ್ನಾಟಕದ ಓದುಗರು ಈಗಾಗಲೇ ತಲೆ ಅಲ್ಲಾಡಿಸುತ್ತಿರಬಹುದು. ಎರೆಮಣ್ಣಿನ ಸ್ವಭಾವ ಇದಾವುದಕ್ಕೂ ಬಗ್ಗುವುದಿಲ್ಲ. ಅದು ಟೈರಿನ ಕಚ್ಚುಗಳಲ್ಲಿ ತುಂಬಿ ಹೊಸ ಟೈರನ್ನೂ ಬೋಳು ಮಾಡುತ್ತದೆ, ಮಡ್‌ಗಾರ್ಡಿನೊಳಗೆ ಕಟ್ಟಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಆದರೂ ಅಂಥದೇ ಕಪ್ಪು ಮಣ್ಣಿನ ಮೇಲೆ ಎರಡು ಚಕ್ರದ ಕಾರುಗಳು ಜಗತ್ತನ್ನು ಬೆರಗುಗೊಳಿಸಿದ ಕಾಲವೊಂದಿತ್ತು. ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿ ಈಸ್ಟರ್ ಹೊತ್ತಿಗೆ, ಮಳೆಗಾಲದಲ್ಲಿ ನಡೆಯುತ್ತಿತ್ತು. ಸಾವಿರಾರು ಕಿಲೋಮೀಟರು ಧೂಳು, ಕೆಸರು. ಕೀನ್ಯಾದ ಸಿಖ್ ಚಾಲಕ ಜೋಗಿಂದರ್ ಸಿಂಗ್ ಅದನ್ನು 1965ರಲ್ಲಿ ವೋಲ್ವೊ ಪಿವಿ 544ರಲ್ಲಿ, 1974 ಮತ್ತು 1976ರಲ್ಲಿ ಮಿಟ್ಸುಬಿಷಿ ಲ್ಯಾನ್ಸರಿನಲ್ಲಿ ಗೆದ್ದರು. ಮೂರೂ ಹಿಂಚಕ್ರ ನೂಕುವ ಕಾರುಗಳೇ. ಹಿಮದ ಕಥೆಯೂ ಹೀಗೆಯೇ. ಆಲ್ಪ್ಸ್ ಪರ್ವತದ ಹಿಮದಲ್ಲಿ ಓಡುವ ಮಾಂಟೆ ಕಾರ್ಲೊ ರ‍್ಯಾಲಿಯನ್ನು 1962 ಮತ್ತು 1963ರಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲ್ಸನ್ ಮುಂಚಕ್ರದ ಸಾಬ್‌ನಲ್ಲಿ ಗೆದ್ದರೆ, 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಪುಟ್ಟ ಮಿನಿ ಕೂಪರಿನಲ್ಲಿ ಗೆದ್ದರು. ಮಿನಿಯಲ್ಲಿ ಎಂಜಿನ್ನನ್ನು ಅಡ್ಡಲಾಗಿ ಮುಂಚಕ್ರಗಳ ಮೇಲೆ ಕೂರಿಸಲಾಗಿತ್ತು; ನಮ್ಮ ಮೇಷ್ಟ್ರ ಮಾರುತಿಯದೂ ಅದೇ ಮನೆತನದ ವಿನ್ಯಾಸ. ಆಡಿ ಕಂಪನಿಯ ಕ್ವಾಟ್ರೊ 1980ರ ದಶಕದಲ್ಲಿ ಬಂದ ಮೇಲೆ ಈ ಸ್ಪರ್ಧೆಗಳು ನಾಲ್ಕು ಚಕ್ರದವರ ಪಾಲಾದವು ಎಂಬುದನ್ನೂ ಮುಚ್ಚಿಡಬಾರದು. ನಾಲ್ಕು ಚಕ್ರ ಹೆಚ್ಚು ಸಮರ್ಥ, ಅದರಲ್ಲಿ ಸಂದೇಹವಿಲ್ಲ. ನಮ್ಮ ಮುಂದಿರುವ ಪ್ರಶ್ನೆ ಅದು ಬೇಕೇಬೇಕೇ ಎಂಬುದು.

ಎರಡು ಚಕ್ರದ ಕಾರಿಗೆ ಒಂದು ಹುಟ್ಟು ಶತ್ರು ಇದೆ: ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಲ್ಲ, ಅದಕ್ಕೆ ಅವಕಾಶ ಮಾಡಿಕೊಡುವ ಹಲ್ಲುಚಕ್ರಗಳ ಜೋಡಣೆ ಅದು. ಅದರ ಗುಣವೇನೆಂದರೆ ಎರಡೂ ಚಕ್ರಗಳಿಗೆ ಸಮಬಲ ಹಂಚುವುದು. ಒಂದು ಚಕ್ರ ಕೆಸರಿಗೆ ಬಿದ್ದು ಹಿಡಿತ ಕಳೆದುಕೊಂಡರೆ ಅದಕ್ಕೆ ಸಿಗುವ ಅಲ್ಪ ಬಲವೇ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಸಿಗುತ್ತದೆ. ಹೀಗಾಗಿ ಎಷ್ಟೋ ಸಲ ನಮ್ಮ ಎರಡು ಚಕ್ರದ ಕಾರು ವಾಸ್ತವದಲ್ಲಿ ಒಂದೇ ಚಕ್ರದ ಕಾರು! ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಬಳಸಿದ ಕ್ಯೂಬೆಲ್‌ವಾಗನ್ ಎಂಬ ಹಗುರ ಗಾಡಿಗೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ. ಆದರೆ ಅದರಲ್ಲಿ ತನ್ನಷ್ಟಕ್ಕೆ ಬಿಗಿಯುವ ಡಿಫರೆನ್ಷಿಯಲ್ ಇತ್ತು, ಎಂಜಿನ್ನು ಹಿಂದೆಯೇ ಕೂತಿತ್ತು, ಹೊಟ್ಟೆ ಚಪ್ಪಟೆಯಾಗಿದ್ದು ಕೆಸರಿನ ಮೇಲೆ ಜಾರಬಲ್ಲುದಾಗಿತ್ತು. ಆಫ್ರಿಕದ ಮರಳುಗಾಡಿನಲ್ಲೂ ರಷ್ಯದ ಕೆಸರಿನಲ್ಲೂ ಅದು ಓಡಿತು. ನಮ್ಮಲ್ಲಿ 2021ರಲ್ಲಿ ಬಂದ ಬೊಲೆರೊ ನಿಯೋದ ಮೇಲ್ದರ್ಜೆಯ ಮಾದರಿಗೆ ಇಂಥ ಬಿಗಿಯುವ ಡಿಫರೆನ್ಷಿಯಲ್ ಕೊಟ್ಟಿದ್ದಾರೆ. ಹಿಂಚಕ್ರದ ಗಾಡಿಯನ್ನೇ ಕೊಳ್ಳುವವರು ಈ ಒಂದು ಅಂಗಕ್ಕೆ ಹಣ ಕೊಡುವುದು ಸನ್‌ರೂಫ್‌ಗೆ ಕೊಡುವುದಕ್ಕಿಂತ ಎಷ್ಟೋ ಮೇಲು.

ಹಲವು ಹೊಸ ಕಾರುಗಳಲ್ಲಿ ಈ ಕೆಲಸವನ್ನು ಬ್ರೇಕು ಮಾಡುತ್ತದೆ. ಸುತ್ತುವ ಚಕ್ರವನ್ನು ಕಂಪ್ಯೂಟರು ಗುರುತಿಸಿ ಅದೊಂದಕ್ಕೇ ಬ್ರೇಕು ಒತ್ತುತ್ತದೆ, ಬಲ ಇನ್ನೊಂದಕ್ಕೆ ಹೋಗುತ್ತದೆ. ಕ್ರೆಟಾ, ಸೆಲ್ಟೋಸ್‌ಗಳ ಕೆಲವು ಮಾದರಿಗಳಲ್ಲಿ 'ಸ್ನೋ, ಮಡ್, ಸ್ಯಾಂಡ್' ಎಂದು ಬರೆದ ತಿರುಗುಗುಂಡಿ ಇರುತ್ತದೆ. ಅಂಗಡಿಯ ಹುಡುಗ ಅದನ್ನು ತಿರುಗಿಸಿ ತೋರಿಸಿದಾಗ ಫೋರ್ ವ್ಹೀಲ್ ಸಿಕ್ಕಿತೆಂದು ಹಿಗ್ಗಬೇಡಿ. ಎಂಜಿನ್ನು ಎಷ್ಟು ಮೆಲ್ಲಗೆ ಎಳೆಯಬೇಕು, ಬ್ರೇಕು ಎಷ್ಟು ಬೇಗ ಮಧ್ಯ ಪ್ರವೇಶಿಸಬೇಕು ಎಂಬುದನ್ನು ಆ ಗುಂಡಿ ಬದಲಿಸುತ್ತದೆ. ಉಪಯುಕ್ತ, ಸಂಶಯವಿಲ್ಲ. ಆದರೆ ಮೂರನೆಯ ಚಕ್ರವನ್ನು ಅದು ಹುಟ್ಟಿಸಲಾರದು. ಇನ್ನೊಂದು ಮಾತು: ಕಾರು ಪೂರ್ತಿ ಹೂತು, ಹಿಂದೆ ಮುಂದೆ ಉಯ್ಯಾಲೆಯಾಡಿಸಿ ಬಿಡಿಸಬೇಕಾದಾಗ ಇದೇ ಕಂಪ್ಯೂಟರು ಎಂಜಿನ್ನಿನ ಕತ್ತು ಹಿಸುಕುತ್ತದೆ. ಆಗ ಟ್ರ್ಯಾಕ್ಷನ್ ಕಂಟ್ರೋಲಿನ ಗುಂಡಿ ಒತ್ತಿ ಅದನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಬೇಕು. ಹಾಗೆ ಮಾಡಲು ಬರುವ ಕಾರೇ ಎಂದು ಕೊಳ್ಳುವ ಮೊದಲೇ ಕೇಳಿ.

ಗ್ರೌಂಡ್ ಕ್ಲಿಯರೆನ್ಸ್ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. ಆಲ್ಟೊದ ಹೊಟ್ಟೆ ನೆಲದಿಂದ 160 ಮಿಲಿಮೀಟರು, ಹಳೆಯ ಡಸ್ಟರಿನದು 205. ಲಾರಿ, ಟ್ರ್ಯಾಕ್ಟರು ಕೊರೆದ ಜಾಡಿನಲ್ಲಿ ಓಡುವವರಿಗೆ ಈ 45 ಮಿಲಿಮೀಟರು ಬಹಳ ದೊಡ್ಡದು. ಹೊಟ್ಟೆ ದಿಬ್ಬದ ಮೇಲೆ ಕೂತರೆ ನಾಲ್ಕು ಚಕ್ರವೂ ಗಾಳಿಯಲ್ಲೇ. ಆದರೆ ಸಂಖ್ಯೆ ನೋಡಿ ನಿಲ್ಲಬೇಡಿ. ಕಾರಿನ ಮುಂದೆ ಮಂಡಿಯೂರಿ ಮೂತಿಯ ಕೆಳಗೆ ನೋಡಿ. ಮುಂಚಕ್ರದ ಮುಂದೆ ಬಂಪರು ಗಲ್ಲ ಚಾಚಿಕೊಂಡಿದ್ದರೆ ಏರು ಶುರುವಾಗುವಲ್ಲೇ ಅದು ತಗುಲುತ್ತದೆ. ಎಂಜಿನ್ನಿನ ಎಣ್ಣೆತೊಟ್ಟಿಯ ಕೆಳಗೆ ಉಕ್ಕಿನ ತಗಡು ಇದೆಯೇ, ಪ್ಲಾಸ್ಟಿಕ್ಕೇ ಎಂಬುದನ್ನೂ ತಿಳಿದುಕೊಳ್ಳಿ.

ಇನ್ನು ಹಿಮ. 2022ರ ಜನವರಿಯಲ್ಲಿ ಅಟಲ್ ಸುರಂಗದ ಬಗ್ಗೆ ಒಂದು ಕಾರ್ಯಕ್ರಮಕ್ಕಾಗಿ ಮನಾಲಿಗೆ ಹೋಗಿದ್ದೆ. 2020ರ ಅಕ್ಟೋಬರಿನಲ್ಲಿ ತೆರೆದ, ಒಂಬತ್ತು ಕಿಲೋಮೀಟರು ಉದ್ದದ ಈ ಸುರಂಗದಿಂದಾಗಿ ಚಳಿಗಾಲದಲ್ಲೂ ಲಾಹೌಲ್ ಕಣಿವೆಗೆ ಹೋಗುವಂತಾಗಿದೆ. ಬೆಂಗಳೂರು, ಹುಬ್ಬಳ್ಳಿಗಳಿಂದ ಸ್ವಂತ ಕಾರಿನಲ್ಲೇ ಹೊರಡುವವರೂ ಉಂಟು. ನಮ್ಮದು ಮುಂಚಕ್ರದ ಸಾಧಾರಣ ಟ್ಯಾಕ್ಸಿ. ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಚಾಲಕ ಮುಂಚಕ್ರಗಳಿಗೆ ಕಬ್ಬಿಣದ ಸರಪಳಿ ಬಿಗಿದ. ಹತ್ತುವಾಗ ಆಶ್ಚರ್ಯವಾಗುವಷ್ಟು ಚೆನ್ನಾಗಿ ಹತ್ತಿತು. ಮುಂದೆ ಪೊಲೀಸರು ತಡೆದರು: ಅಂದು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ ಪ್ರವೇಶ. ನನಗೆ ಸಿಟ್ಟು ಬಂತು. ಇಷ್ಟು ಹತ್ತಿದವರಿಗೆ ಇನ್ನಷ್ಟು ಹತ್ತಲಾಗದೇ? ಹಿಂದಿರುಗಿ ಇಳಿಯುವಾಗ ಸಿಟ್ಟು ಇಳಿಯಿತು. ಒಂದು ತಿರುವಿನಲ್ಲಿ ಸರಪಳಿಯುಳ್ಳ ಮುಂಚಕ್ರಗಳು ಹಿಮವನ್ನು ಕಚ್ಚಿದವು, ಸರಪಳಿಯಿಲ್ಲದ ಹಿಂಚಕ್ರಗಳು ಕಚ್ಚಲಿಲ್ಲ. ಕಾರಿನ ಹಿಂಭಾಗ ಬಾಗಿಲು ತೆರೆದಂತೆ ಕಣಿವೆಯ ಕಡೆಗೆ ತಿರುಗಿತು. ಚಾಲಕ ಬ್ರೇಕಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ಜಾರಿದ ಕಡೆಗೇ ತಿರುಗಿಸಿ ಸರಿಪಡಿಸಿದ. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹತ್ತುವುದು ಎಂಜಿನ್ನಿನ ಚಕ್ರಗಳ ಕೆಲಸ. ನಿಲ್ಲುವುದು, ತಿರುಗುವುದು ನಾಲ್ಕೂ ಟೈರುಗಳ ಕೆಲಸ. ಬ್ರೇಕು ಹಾಕಿದಾಗ ಎರಡು ಚಕ್ರದ ಕಾರು, ನಾಲ್ಕು ಚಕ್ರದ ಕಾರು ಎಂಬ ಭೇದವಿಲ್ಲ, ಎಲ್ಲವೂ ನಾಲ್ಕರಿಂದಲೇ ನಿಲ್ಲಬೇಕು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿರುವ ಕಾರು ಒಣ ಡಾಂಬರಿನ ಮೇಲೆ ಬ್ರೇಕು ಕಚ್ಚಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿ ಹಿಮದ ಮೇಲೆ 31 ಮೀಟರು. ನೀರ್ಗಲ್ಲಿನ ಮೇಲೆ 60 ಮೀಟರು ದಾಟುತ್ತದೆ. ಫೋರ್ ವ್ಹೀಲ್ ಇರುವವರು ಸಲೀಸಾಗಿ ವೇಗ ಹೆಚ್ಚಿಸಿಕೊಂಡು ಹೋಗಿ ತಿರುವಿನಲ್ಲಿ ಕಂದಕಕ್ಕೆ ಬೀಳುವುದು ಇದನ್ನು ಮರೆತಾಗ.

ಹಾಗಾಗಿ ಹಿಮದ ದೇಶಗಳಲ್ಲಿ ಕಾನೂನು ಟೈರಿನ ಬಗ್ಗೆ ಮಾತಾಡುತ್ತದೆ. ಸ್ವೀಡನ್ನಿನಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ ರಸ್ತೆಯಲ್ಲಿ ಚಳಿಗಾಲದ ಸ್ಥಿತಿ ಇದ್ದರೆ ಚಳಿಗಾಲದ ಟೈರು ಕಡ್ಡಾಯ. ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಾಗೆಯೇ. ಫೋರ್ ವ್ಹೀಲ್ ಕೊಳ್ಳಿ ಎಂದು ಯಾರೂ ಕಡ್ಡಾಯ ಮಾಡಿಲ್ಲ. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತ ಹೋಗುತ್ತದೆ. ಚಳಿಗಾಲದ ಟೈರಿನದು ಮೆತ್ತಗೇ ಉಳಿಯುತ್ತದೆ. ಮಕ್ಕಳು ಆ ದೇಶಗಳಿಗೆ ಹೋಗಿ ಕಾರು ಕೊಳ್ಳುವಾಗ ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು ಇರುವ ಗುರುತು ಹುಡುಕಲು ಹೇಳಿ. ಅದು ಹಿಮದ ಮೇಲೆ ಪರೀಕ್ಷಿಸಿದ ಟೈರು. ಬರಿಯ 'ಎಂ ಪ್ಲಸ್ ಎಸ್' ಎಂಬ ಅಕ್ಷರಗಳು ತಯಾರಕರ ಹೇಳಿಕೆ ಮಾತ್ರ. ಸೊನ್ನೆ ಡಿಗ್ರಿಯ ಆಸುಪಾಸಿನ ಹಿಮ ಮೈನಸ್ ಹದಿನೈದರ ಹಿಮಕ್ಕಿಂತ ಹೆಚ್ಚು ಜಾರುತ್ತದೆ ಎಂಬುದನ್ನೂ ತಿಳಿಸಿ. ಕರಗಿದ ನೀರಿನ ತೆಳು ಪದರವೇ ಅಲ್ಲಿ ಎಣ್ಣೆ.

ಭಾವನಿಗೆ ಕೊನೆಗೆ ಏನು ಹೇಳಿದೆ? ಆಸ್ಪತ್ರೆಗೆ ಹೋಗುವವರು ಮೂವರು: ಭಾವ, ಅವರ ತಾಯಿ, ಅಕ್ಕ. ಯಾವತ್ತೂ ಮೂಟೆ ಹೇರುವ ಅಗತ್ಯವಿಲ್ಲ. ಆದ್ದರಿಂದ ಮುಂಚಕ್ರದ ಕಾರೇ ಸರಿ. ತಾಯಿ ಮುಂದಿನ ಸೀಟಿನಲ್ಲೇ ಕೂರಲಿ, ಡಿಕ್ಕಿ ಖಾಲಿ ಇರಲಿ. ಹೊಟ್ಟೆ ಎತ್ತರದ್ದನ್ನು ನೋಡಿ, ಹಳೆಯದಾದರೂ ಚಿಂತೆಯಿಲ್ಲ, ಗಿಯರು ಕೈಯಲ್ಲೇ ಹಾಕುವಂಥದಿರಲಿ. ಕೆಸರಿನಲ್ಲಿ ಎರಡನೇ ಗಿಯರಿನಲ್ಲಿ ಮೆಲ್ಲಗೆ ಹೊರಡಲು ಅದೇ ಹಿತ. ಉಳಿದ ಹಣದಲ್ಲಿ ಮೊದಲು ನಾಲ್ಕು ಹೊಸ ಟೈರು. ಏರು ಅವರ ಸ್ವಂತ ಜಮೀನಿನಲ್ಲೇ ಇತ್ತು. ಅಲ್ಲಿ ಚಕ್ರ ಹಾಯುವ ಎರಡು ಪಟ್ಟಿಗಳಿಗೆ ಮಾತ್ರ ಕಪ್ಪು ಜಲ್ಲಿ, ಸಿಮೆಂಟು ಹಾಕಿ, ಮೇಲ್ಮೈಯನ್ನು ನುಣುಪು ಮಾಡದೆ ಪೊರಕೆಯಿಂದ ಅಡ್ಡಗೆರೆ ಎಳೆದು ಬಿಡಿ ಎಂದೆ. 40 ಮೀಟರಿನ ಎರಡು ಪಟ್ಟಿಗಳು ಮೊದಲ ಮಳೆಗೆ ಮುಂಚೆ ಮುಗಿದವು. ಇದು ಕಾರಿನ ಸಲಹೆಯಲ್ಲ, ಗಾರೆ ಕೆಲಸದ ಸಲಹೆ ಎಂದು ಅಕ್ಕ ನಕ್ಕಳು.

ತೀರಾ ಕಷ್ಟವಾದ ದಿನಕ್ಕೆ ಇನ್ನೊಂದು ಉಪಾಯ ಹೇಳಿಕೊಟ್ಟೆ. ಮುಂಚಕ್ರದ ಕಾರು ಹಿಮ್ಮುಖವಾಗಿ ಏರು ಹತ್ತಿದರೆ ಭಾರ ಶಕ್ತಿಯುಳ್ಳ ಚಕ್ರಗಳ ಕಡೆಗೇ ಜಾರುತ್ತದೆ. ಆರಕ್ಕೆ ಒಂದು ಇದ್ದ ಮಿತಿ ಐದಕ್ಕೆ ಒಂದರ ಹತ್ತಿರ ಬರುತ್ತದೆ. ನೋಡಲು ಹಾಸ್ಯಾಸ್ಪದ. ಒಬ್ಬರು ಇಳಿದು ನಿಂತು ದಾರಿ ಹೇಳಲೇಬೇಕು.

ಆ ಮಳೆಗಾಲದಲ್ಲಿ ಕಾರು ಒಂದು ಸಲ ಸೋತಿತು. ಜುಲೈ ಮೂರನೆಯ ವಾರ ಮೋರಿಯ ಹತ್ತಿರ, ಏರಿನಲ್ಲಲ್ಲ, ಸಮತಟ್ಟಾದ ಕಡೆ, ಟ್ರ್ಯಾಕ್ಟರಿನ ಜಾಡಿನಲ್ಲಿ ಹೊಟ್ಟೆ ಕೂತುಬಿಟ್ಟಿತು. ಪಕ್ಕದ ಮನೆಯವರು ಹಗ್ಗ ಕಟ್ಟಿ ಎಳೆದು ಹೊರತೆಗೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಆಸ್ಪತ್ರೆಯವರು ಮರುದಿನ ಬೆಳಿಗ್ಗೆ ಸಮಯ ಕೊಟ್ಟರು. ಆ ರಾತ್ರಿ ತಾಯಿಯ ಕಾಲಿನ ಊತ ನೋಡುತ್ತ ತಾನು ನಿದ್ದೆ ಮಾಡಲಿಲ್ಲವೆಂದು ಭಾವ ಹೇಳಿದರು. ನಾಲ್ಕು ಚಕ್ರದ್ದಾಗಿದ್ದರೆ? ಹೊಟ್ಟೆ ಅಷ್ಟೇ ಎತ್ತರದ್ದಾಗಿದ್ದರೆ ಅದೂ ಕೂರುತ್ತಿತ್ತು. ಜಿಪ್ಸಿಯಂಥದಾದರೆ ಬಹುಶಃ ದಾಟುತ್ತಿತ್ತು. ಸತ್ಯ ಅದು. ಮರುದಿನವೇ ಆಳುಗಳನ್ನು ಕರೆದು ಆ ಜಾಡಿಗೆ ಎರಡು ಗಾಡಿ ಕಲ್ಲು ಸುರಿಸಿದರು.

ಕಳೆದ ವಾರ ಮಾತಾಡಿದಾಗ ಭಾವ ಹೊಸ ದೂರು ಹೇಳಿದರು. ಟೈರಿನ ಕಚ್ಚಿನಲ್ಲಿ ಸಿಕ್ಕಿದ ಕೆಂಪು ಮಣ್ಣೆಲ್ಲ ಆಸ್ಪತ್ರೆಯ ಬಾಗಿಲೆದುರಿನ ಟೈಲ್ಸಿನ ಮೇಲೆ ಉದುರುತ್ತದಂತೆ. ಕಾವಲುಗಾರ ಇವರ ಕಾರು ಕಂಡೊಡನೆ ಪೊರಕೆ ಹಿಡಿದು ಬರುತ್ತಾನಂತೆ.